ಹೃದಯದ ಆರೋಗ್ಯ ಮಾಲಿಕೆ: ಮನೆಯ ವರ್ಕ್‌ಶಾಪಿನ ಧೂಳು ಎದೆಗೆ ಇಳಿಯದಿರಲಿ



ಕೊಲೆಸ್ಟ್ರಾಲ್, ಉಪ್ಪು, ವಾಕಿಂಗ್ ಬಗ್ಗೆ ಸಾಕಷ್ಟು ಮಾತಾಡಿದ್ದೇವೆ. ಈ ವಾರ ಧೂಳಿನ ಬಗ್ಗೆ. ಅದರಲ್ಲೂ ನಮ್ಮ ಮನೆಯಲ್ಲೇ, ನಮ್ಮ ಕೈಯಿಂದಲೇ ಏಳುವ ಧೂಳಿನ ಬಗ್ಗೆ.

ಮುಂಬೈ, ಪುಣೆ, ಚೆನ್ನೈ, ಹೈದರಾಬಾದ್, ದೆಹಲಿ ಎಲ್ಲೇ ಇರಲಿ, ನಮ್ಮವರ ಫ್ಲ್ಯಾಟುಗಳಲ್ಲಿ ಈಗ ಒಂದು ಡ್ರಿಲ್ ಮಷೀನ್ ಇದ್ದೇ ಇರುತ್ತದೆ. ಕೆಲವರ ಬಾಲ್ಕನಿಗೆ ಜಿಗ್‌ಸಾ, ಸ್ಯಾಂಡರ್, ಆಂಗಲ್ ಗ್ರೈಂಡರ್ ಕೂಡ ಬಂದಿವೆ. ನಿವೃತ್ತರಾಗಿ ಊರಿಂದ ಮಗನ ಮನೆಗೆ ಬಂದ ತಂದೆಯವರು ಹೊತ್ತು ಹೋಗಲೆಂದು ಪುಸ್ತಕದ ಕಪಾಟು, ದೇವರ ಮಂಟಪ, ಮೊಮ್ಮಗಳಿಗೊಂದು ಸ್ಟೂಲು ಮಾಡುತ್ತಾರೆ. ಒಳ್ಳೆಯ ಹವ್ಯಾಸ. ಬಿಪಿ ಇದೆ, ಸ್ಟೆಂಟ್ ಹಾಕಿಸಿಕೊಂಡಿದ್ದೇನೆ ಎಂಬ ಕಾರಣಕ್ಕೆ ಇದನ್ನು ಬಿಡಿ ಎಂದು ನಾನು ಯಾರಿಗೂ ಹೇಳುವುದಿಲ್ಲ. ಧೂಳಿಗೆ ಒಂದು ವ್ಯವಸ್ಥೆ ಮಾಡಿಕೊಂಡು ಮುಂದುವರಿಸಿ ಎನ್ನುತ್ತೇನೆ. ಆ ವ್ಯವಸ್ಥೆ ಹೇಗೆ ಎಂಬುದೇ ಇವತ್ತಿನ ಪಾಠ. ಸ್ವಲ್ಪ ಉದ್ದವಿದೆ, ಉಳಿಸಿಟ್ಟುಕೊಂಡು ನಿಧಾನವಾಗಿ ಓದಿ.

*1. ಹೃದಯದ ಡಾಕ್ಟರಿಗೆ ಧೂಳಿನ ಗೊಡವೆ ಏಕೆ?*

ನಮ್ಮ ತಲೆಗೂದಲಿನ ದಪ್ಪ ಸುಮಾರು 70 ಮೈಕ್ರಾನ್. ಗರಗಸದಿಂದ ನೆಲಕ್ಕೆ ಉದುರುವ ಹೊಟ್ಟಿನ ಕಣಗಳು ಇದಕ್ಕಿಂತ ದೊಡ್ಡವು. ಅವು ಕಾಲಿಗೆ ಅಂಟುತ್ತವೆ, ಕಸಬರಿಗೆಗೆ ಸಿಗುತ್ತವೆ, ಮೂಗಿಗೆ ಹೋದರೆ ಸೀನು ಬರುತ್ತದೆ. ಅವುಗಳಿಂದ ದೊಡ್ಡ ಅಪಾಯವಿಲ್ಲ.

10 ಮೈಕ್ರಾನಿಗಿಂತ ಚಿಕ್ಕವು ಮೂಗು ಗಂಟಲು ದಾಟಿ ಶ್ವಾಸನಾಳಕ್ಕೆ ಇಳಿಯುತ್ತವೆ. 2.5 ಮೈಕ್ರಾನಿಗಿಂತ ಚಿಕ್ಕವು, ಅಂದರೆ ಸುದ್ದಿಯಲ್ಲಿ ಕೇಳುವ ಪಿಎಂ 2.5, ಶ್ವಾಸಕೋಶದ ಕೊನೆಯ ಗಾಳಿಗೂಡುಗಳವರೆಗೆ ತಲುಪುತ್ತವೆ. ಅಲ್ಲಿ ಗಾಳಿಗೂ ರಕ್ತಕ್ಕೂ ನಡುವೆ ಇರುವುದು ಬಹಳ ತೆಳುವಾದ ಒಂದು ಪರದೆ ಮಾತ್ರ. ಕಣಗಳು ಅಲ್ಲಿ ಕೂತಾಗ ಶ್ವಾಸಕೋಶದಲ್ಲಿ ಉರಿಯೂತ ಶುರುವಾಗುತ್ತದೆ. ಅದರ ರಾಸಾಯನಿಕಗಳು ರಕ್ತದಲ್ಲಿ ಸೇರಿ ಇಡೀ ದೇಹ ಸುತ್ತುತ್ತವೆ. ರಕ್ತನಾಳಗಳು ಬಿಗಿಯುತ್ತವೆ, ಬಿಪಿ ಏರುತ್ತದೆ, ರಕ್ತ ಹೆಪ್ಪುಗಟ್ಟುವ ಸ್ವಭಾವ ಹೆಚ್ಚುತ್ತದೆ, ಹೃದಯ ಬಡಿತದ ಲಯದ ಮೇಲೂ ಪರಿಣಾಮ ಆಗುತ್ತದೆ. ಮೊದಲೇ ಕೊಬ್ಬು ಕಟ್ಟಿಕೊಂಡ ರಕ್ತನಾಳವಿದ್ದವರಿಗೆ ಇಷ್ಟು ಸಾಕು.

ಅಮೆರಿಕನ್ ಹಾರ್ಟ್ ಅಸೋಸಿಯೇಷನ್ 2004ರಲ್ಲೇ ಸೂಕ್ಷ್ಮ ಕಣಗಳನ್ನು ಹೃದ್ರೋಗದ ಅಪಾಯಗಳ ಸಾಲಿಗೆ ಸೇರಿಸಿತು. 2010ರಲ್ಲಿ ಅದನ್ನು ಇನ್ನಷ್ಟು ಗಟ್ಟಿಯಾಗಿ ಹೇಳಿತು: ಕೆಲವು ಗಂಟೆಗಳಿಂದ ಕೆಲವು ವಾರಗಳ ಸಂಪರ್ಕವೂ ಹೃದಯಾಘಾತಕ್ಕೆ ನೆಪವಾಗಬಲ್ಲದು. ಈ ಅಧ್ಯಯನಗಳಲ್ಲಿ ಹೆಚ್ಚಿನವು ವಾಹನ ಮತ್ತು ಕಾರ್ಖಾನೆಯ ಹೊಗೆಯ ಮೇಲೆ ನಡೆದವು ಎಂಬುದನ್ನೂ ಹೇಳಬೇಕು. ಮರದ ಧೂಳಿನ ಮೊದಲ ಪೆಟ್ಟು ಮೂಗಿಗೆ ಮತ್ತು ಶ್ವಾಸಕೋಶಕ್ಕೆ. ಆದರೆ ಹೃದಯ ಮತ್ತು ಶ್ವಾಸಕೋಶ ಒಂದೇ ಗೋಡೆಯ ಅಕ್ಕಪಕ್ಕದ ಮನೆಗಳು. ಒಂದು ಮನೆಗೆ ಬೆಂಕಿ ಬಿದ್ದರೆ ಇನ್ನೊಂದಕ್ಕೆ ಬಿಸಿ ತಟ್ಟದೆ ಇರದು.

*2. ಯಾವ ಕೆಲಸದಲ್ಲಿ ಯಾವ ಧೂಳು?*

*ಮರ:* ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗವು ಮರದ ಧೂಳನ್ನು ಖಚಿತವಾಗಿ ಕ್ಯಾನ್ಸರ್ ತರುವ ವಸ್ತುಗಳ ಪಟ್ಟಿಯಲ್ಲಿ ಇಟ್ಟಿದೆ. ಮುಖ್ಯವಾಗಿ ಮೂಗಿನ ಒಳಭಾಗದ ಕ್ಯಾನ್ಸರ್. ಇದು ವರ್ಷಗಟ್ಟಲೆ ಅದೇ ಕೆಲಸ ಮಾಡುವವರಲ್ಲಿ ಕಂಡದ್ದು. ಭಾನುವಾರದ ಬಡಗಿಗಳು ಗಾಬರಿಯಾಗಬೇಕಿಲ್ಲ. ಆದರೆ ತೇಗ, ಬೀಟೆಯಂಥ ಮರಗಳ ಧೂಳು ಕೆಲವರಿಗೆ ಮೈ ತುರಿಕೆ, ಉಬ್ಬಸ ತರುತ್ತದೆ. ಅದಕ್ಕೆ ವರ್ಷಗಳು ಬೇಕಿಲ್ಲ.

*ಪ್ಲೈವುಡ್, ಎಂಡಿಎಫ್:* ಇವುಗಳಲ್ಲಿ ಮರದ ಜೊತೆ ಅಂಟೂ ಇದೆ. ಎಂಡಿಎಫ್ ಎಂದರೆ ಮರದ ನಾರನ್ನು ಅಂಟಿನಲ್ಲಿ ಕಲಸಿ ಒತ್ತಿದ ಹಲಗೆ. ಕೊಯ್ದಾಗ ಬರುವ ಪುಡಿ ಮೈದಾಹಿಟ್ಟಿನಷ್ಟು ನುಣುಪು. ಅದೇ ಅದರ ತೊಂದರೆ.

*ಕಾಂಕ್ರೀಟ್ ಗೋಡೆ, ವಿಟ್ರಿಫೈಡ್ ಟೈಲ್ಸ್, ಗ್ರಾನೈಟ್:* ಇವುಗಳಲ್ಲಿ ಸಿಲಿಕಾ ಇದೆ. ಅಮೃತಶಿಲೆಯಲ್ಲಿ ಕಡಿಮೆ. ಅಡುಗೆಮನೆ ಕಟ್ಟೆಗೆ ಈಗ ಹಾಕಿಸುತ್ತಿರುವ ಕೃತಕ ಕ್ವಾರ್ಟ್ಜ್ ಕಲ್ಲಿನಲ್ಲಿ 90 ಶೇಕಡಾದಷ್ಟು ಇರಬಹುದು. ಸಿಲಿಕಾ ಧೂಳು ಶ್ವಾಸಕೋಶದಲ್ಲಿ ಕಲೆಗಟ್ಟುತ್ತದೆ. ಆ ಕಾಯಿಲೆಯೇ ಸಿಲಿಕೋಸಿಸ್. ಗುಣಪಡಿಸುವ ಔಷಧ ಇಲ್ಲ. ಕಲೆಗಟ್ಟಿದ ಶ್ವಾಸಕೋಶಕ್ಕೆ ರಕ್ತ ತಳ್ಳಲು ಹೃದಯದ ಬಲಭಾಗ ಹೆಣಗಿ, ಕೊನೆಗೆ ಸೋಲುತ್ತದೆ. ಈ ಕೃತಕ ಕಲ್ಲನ್ನು ಆಸ್ಟ್ರೇಲಿಯಾ 2024ರ ಜುಲೈ 1ರಿಂದ ನಿಷೇಧಿಸಿದ್ದು ಇದೇ ಕಾರಣಕ್ಕೆ.

*ಹಳೆಯ ಪೇಂಟ್:* ನಮ್ಮ ದೇಶದಲ್ಲಿ ಮನೆಯ ಪೇಂಟಿನಲ್ಲಿ ಸೀಸಕ್ಕೆ 90 ಪಿಪಿಎಂ ಮಿತಿ ಜಾರಿಗೆ ಬಂದದ್ದು 2017ರ ನವೆಂಬರಿನಿಂದ. ಅದಕ್ಕಿಂತ ಹಿಂದೆ ಬಳಿದ ಬಾಗಿಲು, ಕಿಟಕಿ, ಅಜ್ಜನ ಕಾಲದ ಪೆಟ್ಟಿಗೆಯಲ್ಲಿ ಸೀಸ ಇರುವ ಸಾಧ್ಯತೆ ಇದೆ. ಸೀಸ ಮಕ್ಕಳ ಮಿದುಳಿನ ಬೆಳವಣಿಗೆಗೆ ಧಕ್ಕೆ ತರುತ್ತದೆ, ದೊಡ್ಡವರಲ್ಲಿ ಬಿಪಿ ಏರಿಸುತ್ತದೆ. ಹಳೆಯ ಪೇಂಟಿಗೆ ಒಣ ಸ್ಯಾಂಡರ್ ಹಚ್ಚಲೇಬೇಡಿ. ನೀರು ಚಿಮುಕಿಸಿ ಕೆರೆಯಿರಿ, ಅಥವಾ ಪೇಂಟ್ ಕರಗಿಸುವ ದ್ರಾವಣ ಬಳಸಿ, ಕಿಟಕಿ ತೆರೆದಿಟ್ಟು.

*3. ಕಾಣದ ಧೂಳನ್ನು ನೋಡುವುದು ಹೇಗೆ?*

"ಕೆಲಸ ಮುಗಿಸಿ ಗುಡಿಸಿದ್ದೇನೆ, ಈಗ ಎಲ್ಲಿದೆ ಧೂಳು?" ಎಂದು ಕೇಳುತ್ತಾರೆ. ಗಾಳಿ ಆಡದ ಕೋಣೆಯಲ್ಲಿ 10 ಮೈಕ್ರಾನಿನ ಕಣ ಎದೆಯೆತ್ತರದಿಂದ ನೆಲಕ್ಕೆ ಇಳಿಯಲು ಸುಮಾರು 8 ನಿಮಿಷ ಸಾಕು. 1 ಮೈಕ್ರಾನಿನ ಕಣಕ್ಕೆ ಸುಮಾರು 12 ಗಂಟೆ ಬೇಕು. ಸಂಜೆ 7ಕ್ಕೆ ಸ್ಯಾಂಡರ್ ಆಫ್ ಮಾಡಿದರೆ, ರಾತ್ರಿ ಅದೇ ಕೋಣೆಯಲ್ಲಿ ಮಲಗಿದವರು ಬೆಳಗಿನವರೆಗೂ ಅದನ್ನೇ ಉಸಿರಾಡುತ್ತಾರೆ.

ಒಂದು ಪರೀಕ್ಷೆ ಮಾಡಿ. ಕೆಲಸ ಮುಗಿದು ಅರ್ಧ ಗಂಟೆಯ ಮೇಲೆ ದೀಪ ಆರಿಸಿ, ಮೊಬೈಲ್ ಟಾರ್ಚನ್ನು ಅಡ್ಡಲಾಗಿ ಹಿಡಿಯಿರಿ. ಹೆಂಚಿನ ಸಂದಿಯಿಂದ ಬೀಳುವ ಬಿಸಿಲುಕೋಲಿನಲ್ಲಿ ಕಾಣುವಂತೆ ಬೆಳಕಿನಲ್ಲಿ ತೇಲುವ ಕಣಗಳು ಕಾಣುತ್ತವೆ. ಅಲ್ಲಿ ಕಾಣುವುದು ದಪ್ಪನೆಯ ಕಣಗಳು; ಅತಿ ಸೂಕ್ಷ್ಮವಾದವು ಬರಿಗಣ್ಣಿಗೆ ಬಿಡಿಬಿಡಿಯಾಗಿ ಕಾಣುವುದೇ ಇಲ್ಲ. ಮನೆಯಲ್ಲಿ ಪಿಎಂ 2.5 ತೋರಿಸುವ ಮೀಟರ್ ಇದ್ದರೆ ಕೆಲಸಕ್ಕೆ ಮೊದಲು, ನಡುವೆ, ಮುಗಿದ ಒಂದು ಗಂಟೆಯ ಮೇಲೆ, ಹೀಗೆ ಮೂರು ಸಲ ಬರೆದಿಡಿ. ವಿಶ್ವ ಆರೋಗ್ಯ ಸಂಸ್ಥೆ 2021ರಲ್ಲಿ ಹೇಳಿದ ದಿನದ ಸರಾಸರಿ ಮಿತಿ ಘನ ಮೀಟರಿಗೆ 15 ಮೈಕ್ರೋಗ್ರಾಂ, ನಮ್ಮ ದೇಶದ ಮಿತಿ 60. ನಿಮ್ಮ ಅಂಕಿ ನೋಡಿದ ಮೇಲೆ ಮುಂದಿನ ಮಾತನ್ನು ನಾನು ಒತ್ತಿ ಹೇಳಬೇಕಾಗುವುದಿಲ್ಲ.

*4. ಧೂಳು ಹಿಡಿಯುವ ಐದು ಮೆಟ್ಟಿಲು*

ನಮ್ಮಲ್ಲಿ ಹೆಚ್ಚಿನವರು ಮಾಸ್ಕಿನಿಂದ ಶುರು ಮಾಡುತ್ತಾರೆ. ಅದು ಕೊನೆಯ ಮೆಟ್ಟಿಲು. ಕ್ರಮ ಹೀಗಿರಲಿ.

*ಮೊದಲನೆಯದು: ಧೂಳನ್ನೇ ಕಡಿಮೆ ಹುಟ್ಟಿಸಿ.* ಪ್ಲೈವುಡ್ ಅಂಗಡಿಯಲ್ಲೇ ಅಳತೆ ಕೊಟ್ಟು ಕೊಯ್ಯಿಸಿ ತನ್ನಿ. ಹಲವು ಅಂಗಡಿಗಳಲ್ಲಿ ಈ ಸೌಲಭ್ಯ ಇದೆ. ಮನೆಯಲ್ಲಿ ಉಳಿಯುವುದು ಜೋಡಣೆ ಮಾತ್ರ. ಕೈಯಲ್ಲಿ ಎಳೆಯುವ ಹತ್ತರಿಯಿಂದ ಬರುವುದು ಸುರುಳಿ ಚಕ್ಕೆ, ಅದು ಗಾಳಿಯಲ್ಲಿ ತೇಲುವುದಿಲ್ಲ. ಯಂತ್ರಗಳಲ್ಲಿ ಅತಿ ಸೂಕ್ಷ್ಮ ಧೂಳು ಎಬ್ಬಿಸುವುದು ಸ್ಯಾಂಡರ್. ಟೈಲ್ಸ್, ಕಲ್ಲು ಕತ್ತರಿಸುವಾಗ ನೀರು ಬಿಟ್ಟೇ ಕತ್ತರಿಸಬೇಕು. ನೀರಿನ ಜೊತೆ ಕರೆಂಟ್ ಇರುವುದರಿಂದ, ನೀರಿಗೆಂದೇ ತಯಾರಾದ ಯಂತ್ರವನ್ನು 30 ಮಿಲಿಆಂಪಿಯರ್ ಆರ್‌ಸಿಸಿಬಿ ಇರುವ ಲೈನಿಗೇ ಹಾಕಿ. ಗೋಡೆಯ ಪುಟ್ಟಿಯನ್ನು ಒದ್ದೆ ಸ್ಪಂಜಿನಿಂದ ಉಜ್ಜಿ ನುಣುಪು ಮಾಡಬಹುದು.

*ಎರಡನೆಯದು: ಹುಟ್ಟಿದ ಜಾಗದಲ್ಲೇ ಹೀರಿ.* ಇಡೀ ವ್ಯವಸ್ಥೆಯ ಜೀವಾಳ ಇದೇ. ಧೂಳು ಒಮ್ಮೆ ಕೋಣೆಗೆ ಹರಡಿದರೆ ಅದನ್ನು ಹಿಡಿಯುವುದು ಚೆಲ್ಲಿದ ಹಾಲನ್ನು ಬಾಚಿದ ಹಾಗೆ. ಸ್ಯಾಂಡರ್, ಜಿಗ್‌ಸಾ, ಸರ್ಕ್ಯುಲರ್ ಸಾಗಳಲ್ಲಿ ಸಾಮಾನ್ಯವಾಗಿ ಹಿಂದುಗಡೆ ಒಂದು ಕೊಳವೆ ಬಾಯಿ ಇರುತ್ತದೆ. ಅದಕ್ಕೆ ಕಟ್ಟಿದ ಪುಟ್ಟ ಬಟ್ಟೆ ಚೀಲ ದಪ್ಪ ಪುಡಿಯನ್ನು ಹಿಡಿದು ಸೂಕ್ಷ್ಮ ಧೂಳನ್ನು ಆಚೆ ಬಿಡುತ್ತದೆ. ಚೀಲ ತೆಗೆದು ವ್ಯಾಕ್ಯೂಮ್ ಪೈಪ್ ಸಿಕ್ಕಿಸಿ.

ಯಾವ ವ್ಯಾಕ್ಯೂಮ್? ಮನೆ ಗುಡಿಸುವ ಸಾಮಾನ್ಯ ವ್ಯಾಕ್ಯೂಮ್ ಕ್ಲೀನರ್ ಬೇಡ. ಅದರ ಫಿಲ್ಟರ್ ತೂತಿನಿಂದ ಸೂಕ್ಷ್ಮ ಧೂಳು ಹಿಂದುಗಡೆ ಬಿರುಗಾಳಿಯಂತೆ ಹೊರಬರುತ್ತದೆ. ಮೋಟರೂ ಬೇಗ ಸುಡುತ್ತದೆ. ಡ್ರಮ್ಮಿನಂತಿರುವ ವೆಟ್ ಅಂಡ್ ಡ್ರೈ ವ್ಯಾಕ್ಯೂಮ್ ತೆಗೆದುಕೊಳ್ಳಿ. ಒಳಗೆ ಬಿಸಾಡುವ ಚೀಲ, ಅದರ ಮೇಲೆ ಹೆಪಾ ಫಿಲ್ಟರ್, ಎರಡೂ ಇರಲಿ. ನಿಜವಾದ ಹೆಪಾ 0.3 ಮೈಕ್ರಾನಿನ ಕಣಗಳಲ್ಲಿ 99.97 ಶೇಕಡಾ ಹಿಡಿಯುತ್ತದೆ. ಪೈಪು ಚಿಕ್ಕದಾಗಿ, ನೇರವಾಗಿ ಇರಲಿ. ಉದ್ದ ಪೈಪು, ಹೆಚ್ಚು ತಿರುವು ಎಂದರೆ ಎಳೆತ ಕಡಿಮೆ. ಯಂತ್ರ ನಿಲ್ಲಿಸಿದ ಮೇಲೂ ಹತ್ತು ಹದಿನೈದು ಸೆಕೆಂಡು ವ್ಯಾಕ್ಯೂಮ್ ಓಡಲಿ.

ಟೇಬಲ್ ಸಾ, ಪ್ಲೇನರ್‌ನಂಥ ದೊಡ್ಡ ಯಂತ್ರಗಳಿಗೆ ಇದು ಸಾಲದು. ಅವಕ್ಕೆ ಎಳೆತದ ಬಿರುಸಿಗಿಂತ ಗಾಳಿಯ ಪ್ರಮಾಣ ಮುಖ್ಯ. 100 ಮಿ.ಮೀ. ಪೈಪಿನ ಡಸ್ಟ್ ಕಲೆಕ್ಟರ್ ಬೇಕು. ಫ್ಲ್ಯಾಟಿನಲ್ಲಿ ಇಂಥ ಯಂತ್ರ ಇಡುವ ಯೋಚನೆಯನ್ನೇ ಬಿಡುವುದು ಒಳ್ಳೆಯದು.

ಒಂದು ಉಪಾಯ: ವ್ಯಾಕ್ಯೂಮಿಗೂ ಯಂತ್ರಕ್ಕೂ ನಡುವೆ ಸೈಕ್ಲೋನ್ ಸೇರಿಸಿ. ಇದು ಆಲಿಕೆಯಂಥ ಒಂದು ಪ್ಲಾಸ್ಟಿಕ್ ಭಾಗ. ಮುಚ್ಚಳ ಭದ್ರವಾಗಿರುವ 20 ಲೀಟರ್ ಪೇಂಟ್ ಬಕೆಟ್ಟಿನ ಮೇಲೆ ಕೂರಿಸಬಹುದು. ಮೊಸರು ಕಡೆದಾಗ ಸುಳಿ ಏಳುವಂತೆ ಗಾಳಿ ಸುಳಿ ಸುತ್ತುತ್ತದೆ. ಭಾರದ ಪುಡಿ ಅಂಚಿಗೆ ಹೋಗಿ ಬಕೆಟ್ಟಿಗೆ ಬೀಳುತ್ತದೆ. ಫಿಲ್ಟರಿಗೆ ಹೋಗುವುದು ಅಲ್ಪ ಭಾಗ ಮಾತ್ರ. ಫಿಲ್ಟರ್ ಬೇಗ ಕಟ್ಟಿಕೊಳ್ಳದೆ ಎಳೆತ ಉಳಿಯುತ್ತದೆ. ಸೈಕ್ಲೋನ್ ಇದೆಯೆಂದು ಹೆಪಾ ಬಿಡಬೇಡಿ. ಎದೆಗೆ ಇಳಿಯುವ ಅತಿ ಸೂಕ್ಷ್ಮ ಕಣಗಳು ಸೈಕ್ಲೋನಿಗೆ ಸಿಗುವುದಿಲ್ಲ.

ಗೋಡೆಗೆ ಒಂದೆರಡು ತೂತು ಕೊರೆಯುವುದಾದರೆ ಖರ್ಚಿಲ್ಲದ ದಾರಿ ಇದೆ. ಒಬ್ಬರು ವ್ಯಾಕ್ಯೂಮ್ ಬಾಯಿಯನ್ನು ತೂತಿನ ಕೆಳಗೇ ಒತ್ತಿ ಹಿಡಿಯಲಿ. ಅದೂ ಇಲ್ಲವೆಂದರೆ ಹಳೆಯ ಮೊಸರಿನ ಡಬ್ಬಿಯ ತಳಕ್ಕೆ ತೂತು ಮಾಡಿ ಡ್ರಿಲ್ ಬಿಟ್ಟಿಗೆ ಪೋಣಿಸಿ. ಡಬ್ಬಿಯ ಬಾಯಿ ಗೋಡೆಗೆ ಒತ್ತಿಕೊಂಡರೆ ಪುಡಿಯ ಬಹುಪಾಲು ಅದರೊಳಗೇ ಬೀಳುತ್ತದೆ.

*ಮೂರನೆಯದು: ಗಾಳಿಗೆ ದಾರಿ ತೋರಿಸಿ.* ಗಾಳಿ ನಿಮ್ಮ ಬೆನ್ನ ಹಿಂದಿನಿಂದ ಬಂದು, ಕೆಲಸದ ಮೇಜು ದಾಟಿ, ಎದುರಿನ ಕಿಟಕಿಯಿಂದ ಹೊರಗೆ ಹೋಗಬೇಕು. ಕಿಟಕಿಯಲ್ಲಿ ಎಗ್ಸಾಸ್ಟ್ ಫ್ಯಾನ್ ಇದ್ದರೆ ಸರಿ. ಸೀಲಿಂಗ್ ಫ್ಯಾನ್ ಆಫ್ ಮಾಡಿ, ಅದು ಧೂಳನ್ನು ಮತ್ತೆ ಮತ್ತೆ ಎಬ್ಬಿಸುತ್ತದೆ. ಸ್ಪ್ಲಿಟ್ ಎಸಿ ಕೋಣೆಯ ಗಾಳಿಯನ್ನೇ ಸುತ್ತಿಸುತ್ತದೆ, ಅದನ್ನೂ ಆಫ್ ಮಾಡಿ. ಮನೆಯೊಳಗಿನ ಬಾಗಿಲು ಮುಚ್ಚಿ ಅಡಿಯಲ್ಲಿ ಒದ್ದೆ ಟವೆಲ್ ಇಡಿ. ಕೆಳಗಿನ ಮನೆಯವರ ಬಟ್ಟೆ ಒಣಗುತ್ತಿದೆಯೇ ಎಂದು ಒಮ್ಮೆ ಬಗ್ಗಿ ನೋಡಿ. ದೆಹಲಿಯವರೇ, ನವೆಂಬರ್, ಡಿಸೆಂಬರಿನಲ್ಲಿ ಹೊರಗಿನ ಗಾಳಿಯೇ ಕೆಟ್ಟಿರುತ್ತದೆ. ಕಿಟಕಿ ತೆರೆದರೂ ಕಷ್ಟ, ಮುಚ್ಚಿದರೂ ಕಷ್ಟ. ಧೂಳಿನ ಕೆಲಸವನ್ನು ಫೆಬ್ರವರಿ ಕಳೆಯುವವರೆಗೆ ಮುಂದೂಡಿ.

*ನಾಲ್ಕನೆಯದು: ಒಣ ಗುಡಿಸುವುದು ಬೇಡ.* ಕಸಬರಿಗೆ ಆಡಿಸಿದರೆ ಕೂತ ಧೂಳು ಮತ್ತೆ ಎದ್ದು ನಿಲ್ಲುತ್ತದೆ. ಬ್ಲೋವರ್ ಊದುವುದು ಇನ್ನೂ ಕೆಟ್ಟದ್ದು. ಮೊದಲು ವ್ಯಾಕ್ಯೂಮ್, ಆಮೇಲೆ ಒದ್ದೆ ಬಟ್ಟೆ. ಕಿಟಕಿಯ ಕಟ್ಟೆ, ಸ್ವಿಚ್‌ಬೋರ್ಡಿನ ಮೇಲ್ಭಾಗ, ಕಪಾಟಿನ ತಲೆ ಮರೆಯಬೇಡಿ. ಫಿಲ್ಟರನ್ನು ಬಾಲ್ಕನಿಯ ಕಂಬಿಗೆ ಬಡಿದು ಕೊಡವಬೇಡಿ. ದೊಡ್ಡ ಪ್ಲಾಸ್ಟಿಕ್ ಚೀಲದೊಳಗೆ ಕೊಡವಿ ಬಾಯಿ ಕಟ್ಟಿ. ಕೆಲಸದ ಬಟ್ಟೆ ಅಲ್ಲೇ ಬದಲಿಸಿ, ಬೇರೆಯಾಗಿ ಒಗೆಯಿರಿ, ಕೈ ಮುಖ ತೊಳೆದು ಆಮೇಲೆ ಮೊಮ್ಮಗುವನ್ನು ಎತ್ತಿಕೊಳ್ಳಿ.

*ಐದನೆಯದು: ಮಾಸ್ಕ್.* ಕರವಸ್ತ್ರ, ಬಟ್ಟೆ ಮಾಸ್ಕ್, ಆಸ್ಪತ್ರೆಯ ನೀಲಿ ಮಾಸ್ಕ್ ಈ ಧೂಳಿಗೆ ಸಾಲುವುದಿಲ್ಲ. ಎನ್ 95 ಅಥವಾ ಐಎಸ್ 9473 ಗುರುತಿರುವ ಎಫ್‌ಎಫ್‌ಪಿ 2 ತೆಗೆದುಕೊಳ್ಳಿ. ಮೂಗಿನ ಮೇಲಿನ ತಗಡನ್ನು ಒತ್ತಿ ಕೂರಿಸಿ, ಎರಡೂ ಪಟ್ಟಿ ತಲೆಯ ಹಿಂದೆ ಹೋಗಲಿ. ಉಸಿರು ಬಿಟ್ಟಾಗ ಕನ್ನಡಕ ಮಂಜಾದರೆ ಗಾಳಿ ಸೋರುತ್ತಿದೆ ಎಂದರ್ಥ. ಗಡ್ಡವಿದ್ದರೆ ಮಾಸ್ಕ್ ಮುಖಕ್ಕೆ ಕೂರುವುದಿಲ್ಲ. ಯಂತ್ರ ನಿಲ್ಲಿಸಿದ ತಕ್ಷಣ ಮಾಸ್ಕ್ ತೆಗೆಯುವುದು ಎಲ್ಲರೂ ಮಾಡುವ ಕೆಲಸ; ಧೂಳು ದಟ್ಟವಾಗಿರುವುದು ಆಗಲೇ. ಒರೆಸಿ ಮುಗಿಸಿ, ಕೋಣೆಯಿಂದ ಆಚೆ ಬಂದ ಮೇಲೆ ತೆಗೆಯಿರಿ.

*5. ಬೆಂಕಿಯ ಎಚ್ಚರ*

ಮರದ ಪುಡಿ ತುಂಬಿದ ವ್ಯಾಕ್ಯೂಮಿಗೆ ಗ್ರೈಂಡರಿನ ಕಿಡಿ ಹೀರಿಸಬೇಡಿ. ಕಿಡಿ ಒಳಗೇ ಹೊಗೆಯಾಡಿ ಗಂಟೆಗಳ ನಂತರ ಹತ್ತಿಕೊಳ್ಳಬಹುದು. ಪುಡಿ ತುಂಬಿದ ಚೀಲವನ್ನು ರಾತ್ರಿಯಿಡೀ ಮನೆಯೊಳಗೆ ಇಡಬೇಡಿ. ಮರಕ್ಕೆ ಅಗಸೆ ಎಣ್ಣೆ ಹಚ್ಚಿದ ಬಟ್ಟೆಯನ್ನು ಮುದ್ದೆ ಮಾಡಿ ಎಸೆದರೆ ಅದು ತಾನಾಗಿ ಬಿಸಿಯೇರಿ ಉರಿಯುತ್ತದೆ. ಹೊರಗೆ ಬಿಡಿಸಿ ಒಣಗಿಸಿ, ಇಲ್ಲವೇ ನೀರಲ್ಲಿ ನೆನೆಸಿ ಎಸೆಯಿರಿ.

*6. ಹೃದ್ರೋಗ ಇರುವವರಿಗೆ ವಿಶೇಷ ಸೂಚನೆ*

• ಹೃದಯಾಘಾತ, ಸ್ಟೆಂಟ್, ಬೈಪಾಸ್ ಆಗಿ ಹೆಚ್ಚು ದಿನ ಆಗಿಲ್ಲವೆಂದರೆ ನಿಮ್ಮ ವೈದ್ಯರು ಒಪ್ಪುವವರೆಗೆ ಧೂಳಿನ ಕೆಲಸ ಬೇಡ. ಅಳತೆ, ನಕ್ಷೆ, ಪಾಲಿಶ್ ಆಯ್ಕೆ ನಿಮ್ಮದು. ಕೊಯ್ಯುವುದು ಮಗನದು.

• ಆಸ್ಪಿರಿನ್, ಕ್ಲೋಪಿಡೊಗ್ರೆಲ್, ವಾರ್ಫರಿನ್‌ನಂಥ ಮಾತ್ರೆ ತೆಗೆದುಕೊಳ್ಳುವವರಿಗೆ ಸಣ್ಣ ಗಾಯವೂ ಹೆಚ್ಚು ಹೊತ್ತು ಸೋರುತ್ತದೆ. ಶುದ್ಧ ಬಟ್ಟೆಯಿಂದ ಬಿಡದೆ ಹತ್ತು ನಿಮಿಷ ಒತ್ತಿ ಹಿಡಿಯಿರಿ. ನಿಲ್ಲದಿದ್ದರೆ ಆಸ್ಪತ್ರೆಗೆ ಹೋಗಿ. ಗಾಯದ ಭಯಕ್ಕೆ ಮಾತ್ರೆ ಬಿಡುವುದು ಮಾತ್ರ ಬೇಡ.

• ಪೇಸ್‌ಮೇಕರ್ ಇರುವವರು ಓಡುವ ಡ್ರಿಲ್ ಮೋಟರನ್ನು ಎದೆಗೆ ಆನಿಸಬೇಡಿ, ಕನಿಷ್ಠ 15 ಸೆಂ.ಮೀ. ದೂರವಿರಲಿ. ವೆಲ್ಡಿಂಗ್ ಬಗ್ಗೆ ನಿಮ್ಮ ವೈದ್ಯರನ್ನು ಕೇಳದೆ ಮುಂದುವರಿಯಬೇಡಿ.

• ಗ್ರೈಂಡರಿನ ಸದ್ದು 90 ಡೆಸಿಬೆಲ್ ದಾಟುತ್ತದೆ. ಸದ್ದೂ ಬಿಪಿ ಏರಿಸುತ್ತದೆ. ಕಿವಿಗೆ ಇಯರ್‌ಮಫ್ ಹಾಕಿ.

• ಎದೆ ಬಿಗಿತ, ಎಡಗೈಗೆ ಅಥವಾ ದವಡೆಗೆ ಹರಡುವ ನೋವು, ತಣ್ಣನೆ ಬೆವರು, ಉಸಿರು ಸಿಗದಿರುವುದು, ತಲೆ ತಿರುಗು: ಇವುಗಳಲ್ಲಿ ಒಂದು ಬಂದರೂ ಯಂತ್ರ ನಿಲ್ಲಿಸಿ ಕೂತುಕೊಳ್ಳಿ. 112 ಅಥವಾ 108ಕ್ಕೆ ಕರೆ ಮಾಡಿ. "ಧೂಳಿಗೆ ಹೀಗಾಗಿದೆ, ಗ್ಯಾಸ್ ಇರಬೇಕು" ಎಂದು ಕಾಯಬೇಡಿ. ಸ್ವತಃ ಗಾಡಿ ಓಡಿಸಿಕೊಂಡು ಹೋಗಬೇಡಿ. ಸಕ್ಕರೆ ಕಾಯಿಲೆ ಇರುವವರಲ್ಲಿ ನೋವೇ ಇಲ್ಲದೆ ಬರಿ ಸುಸ್ತು, ಉಬ್ಬಸ ಮಾತ್ರ ಇರಬಹುದು.

*7. ಸಾಮಾನ್ಯವಾಗಿ ಕೇಳುವ ಪ್ರಶ್ನೆಗಳು*

*ಬೆಲ್ಲ ತಿಂದರೆ ಎದೆಯ ಧೂಳು ಹೋಗುತ್ತದಂತೆ?*
ಬೆಲ್ಲ ಹೋಗುವುದು ಹೊಟ್ಟೆಗೆ, ಧೂಳು ಇರುವುದು ಶ್ವಾಸಕೋಶದಲ್ಲಿ. ದಾರಿ ಬೇರೆ. ಗಂಟಲಿಗೆ ಹಿತ ಅನಿಸಬಹುದು, ಅಷ್ಟೇ. ಸಕ್ಕರೆ ಕಾಯಿಲೆ ಇದ್ದರೆ ಅದೂ ಬೇಡ. ಬಾಳೆಹಣ್ಣು, ಹಾಲಿಗೂ ಇದೇ ಉತ್ತರ.

*ಏರ್ ಪ್ಯೂರಿಫೈಯರ್ ಇದೆ, ಸಾಲದೇ?*
ಕೆಲಸ ಮುಗಿದ ಮೇಲೆ ಉಳಿದದ್ದನ್ನು ತೆಗೆಯಲು ಸಹಾಯವಾಗುತ್ತದೆ. ಆದರೆ ಧೂಳು ಅದರ ಬಳಿ ಹೋಗುವ ಮೊದಲು ನಿಮ್ಮ ಮೂಗಿನ ಮುಂದೆಯೇ ಹಾದುಹೋಗುತ್ತದೆ.

*ಬಾಲ್ಕನಿ ತೆರೆದೇ ಇದೆಯಲ್ಲ?*
ಮುಚ್ಚಿದ ಕೋಣೆಗಿಂತ ಖಂಡಿತ ಮೇಲು. ಆದರೂ ಬಗ್ಗಿ ಕೆಲಸ ಮಾಡುವಾಗ ಮೂಗಿಗೂ ಮರಕ್ಕೂ ಒಂದೂವರೆ ಅಡಿ ಅಂತರ. ಹೀರುವ ವ್ಯವಸ್ಥೆ ಅಲ್ಲಿಯೂ ಬೇಕು.

*8. ನಮ್ಮ ಮನೆಗೆ ಬರುವ ಕೆಲಸಗಾರರು*

ನಾವು ಒಂದು ದಿನ ಉಸಿರಾಡುವ ಧೂಳನ್ನು ಟೈಲ್ಸ್ ಕತ್ತರಿಸುವ ಹುಡುಗ ವರ್ಷದ ಎಲ್ಲ ದಿನವೂ ಉಸಿರಾಡುತ್ತಾನೆ. ಅವನೂ ನಮ್ಮ ಹಾಗೆಯೇ ಊರು ಬಿಟ್ಟು ಬಂದವನು. ನೀರು ಬಿಟ್ಟು ಕತ್ತರಿಸುವಂತೆ ಹೇಳಿ, ಒಂದು ಎನ್ 95 ಕೊಡಿ, ಅರ್ಧ ಗಂಟೆ ಹೆಚ್ಚಾದರೆ ಆಗಲಿ. ಹೇಳುವುದು ಕಷ್ಟವೇನಲ್ಲ:

ಹಿಂದಿ: ಪಾನೀ ಡಾಲ್‌ಕರ್ ಕಾಟಿಯೇ.
ಮರಾಠಿ: ಪಾಣೀ ಟಾಕೂನ್ ಕಾಪಾ.
ತಮಿಳು: ತಣ್ಣಿ ಊತ್ತಿ ವೆಟ್ಟುಂಗ.
ತೆಲುಗು: ನೀಳ್ಳು ಪೋಸಿ ಕಟ್ ಚೇಯಂಡಿ.

*ನೆನಪಿಡಲು ಇಷ್ಟು:*

1. ಆದಷ್ಟು ಅಂಗಡಿಯಲ್ಲೇ ಕೊಯ್ಯಿಸಿ.
2. ಕಲ್ಲು, ಟೈಲ್ಸ್ ಒದ್ದೆಯಾಗಿ; ಹಳೆಯ ಪೇಂಟ್ ಎಂದೂ ಒಣಗಿದಂತೆ ಉಜ್ಜಬೇಡಿ.
3. ಯಂತ್ರಕ್ಕೇ ವ್ಯಾಕ್ಯೂಮ್ ಕಟ್ಟಿ, ಹೆಪಾ ಇರಲಿ.
4. ಗಾಳಿ ಬೆನ್ನಿಂದ ಬಂದು ಕಿಟಕಿಗೆ ಹೋಗಲಿ.
5. ಕಸಬರಿಗೆ ಬೇಡ, ಒದ್ದೆ ಬಟ್ಟೆ ಬೇಕು.
6. ಎನ್ 95 ಕೊನೆಯವರೆಗೂ ಮುಖದ ಮೇಲಿರಲಿ.
7. ಮಲಗುವ ಕೋಣೆಯಲ್ಲಿ, ಮಕ್ಕಳು, ಗರ್ಭಿಣಿಯರು, ಅಸ್ತಮಾ ಇರುವವರು ಇರುವಲ್ಲಿ ಈ ಕೆಲಸ ಬೇಡವೇ ಬೇಡ.

ಇದು ಸಾಮಾನ್ಯ ತಿಳುವಳಿಕೆಗಾಗಿ ಬರೆದದ್ದು. ನಿಮ್ಮ ಔಷಧ, ನಿಮ್ಮ ಮಿತಿಯ ಬಗ್ಗೆ ನಿಮ್ಮ ವೈದ್ಯರ ಮಾತೇ ಕೊನೆಯದು. ಮನೆಯಲ್ಲಿ ಡ್ರಿಲ್ ಇರುವ ಸ್ನೇಹಿತರಿಗೂ, ಮನೆ ರಿಪೇರಿ ಮಾಡಿಸುತ್ತಿರುವ ನೆಂಟರಿಗೂ ಇದನ್ನು ಕಳಿಸಿ. ಮುಂದಿನ ವಾರ ಮತ್ತೆ ಭೇಟಿಯಾಗೋಣ.

– ನಿಮ್ಮ ಹೃದ್ರೋಗ ತಜ್ಞ, ಎಂ.ಡಿ.